ಫೋನು ಯಾಕೆ ತೊದಲುತ್ತದೆ?

ಶಿವಮೊಗ್ಗದ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾಳೆ. ಈಗಷ್ಟೇ ಹೊಲಿಗೆ ಕಲಿಯುತ್ತಿದ್ದಾಳೆ. ನಾಲ್ಕು ಕಾಸು ತಾನೇ ದುಡಿಯಬೇಕು ಎಂಬುದು ಅವಳ ಆಸೆ. ಫೋನಿನಲ್ಲಿ ವಿಡಿಯೊ ನೋಡಿ ಅಳತೆ ಕಲಿಯುತ್ತಾಳೆ.

ಪಕ್ಕದ ಮನೆಯವರು ರವಿಕೆ ಬಟ್ಟೆ ಕೊಟ್ಟರು. ಅವರೇ ಮೊದಲ ಗಿರಾಕಿ. ಸಂಜೆ ಅಕ್ಕ ವಿಡಿಯೊ ಹಾಕಿ ಕೂತಳು. ಚಿತ್ರ ನಿಂತು ನಿಂತು ಓಡಿತು. ಮಾತು ತುಂಡು ತುಂಡಾಯಿತು. “ಗೆರೆ... ಕತ್ತರಿಸಿ” ಅಂತ ಕೇಳಿತು. ಅಕ್ಕ ಗೆರೆ ಮೇಲೇ ಕತ್ತರಿಸಿದಳು. ನಿಜವಾದ ಮಾತು ಬೇರೆ ಇತ್ತು. “ಗೆರೆಯಿಂದ ಅರ್ಧ ಇಂಚು ಬಿಟ್ಟು ಕತ್ತರಿಸಿ.” ನಡುವಿನ ಮಾತು ನುಂಗಿಹೋಗಿತ್ತು. ರವಿಕೆ ಬಿಗಿಯಾಯಿತು.

ಅಕ್ಕನಿಗೆ ಅಳು ಬಂತು. ಫೋನ್ ಅಂಗಡಿಗೆ ಹೋದಳು. “ಇದು ಹಳೇದಾಯ್ತು, ಹೊಸದು ತಗೊಳ್ಳಿ” ಅಂದರು. ಸಂಘದಲ್ಲಿ ಸಾಲ ಕೇಳಲು ಹೊರಟಳು. ಅಷ್ಟರಲ್ಲಿ ಭದ್ರಾವತಿಯಿಂದ ಮಗಳು ಬಂದಳು.

“ಅಮ್ಮಾ, ಸ್ವಲ್ಪ ತಡಿ. ಮೊದಲು ಫೋನ್ ನೋಡೋಣ” ಅಂದಳು.

ಪರದೆಯ ಮೇಲಿನಿಂದ ಕೆಳಕ್ಕೆ ಬೆರಳು ಎಳೆದಳು. ಅಲ್ಲಿ ಕೆಳಮುಖದ ಬಾಣ ಕಂಡಿತು.

“ನೋಡಮ್ಮ, ತಮ್ಮ ದೊಡ್ಡ ಗೇಮ್ ಒಂದನ್ನು ಇಳಿಸೋಕೆ ಹಾಕಿದಾನೆ. ಅದು ಇನ್ನೂ ಇಳೀತಾ ಇದೆ.”

“ಅದಕ್ಕೂ ನನ್ನ ವಿಡಿಯೊಗೂ ಏನೇ ಸಂಬಂಧ?”

“ನಲ್ಲಿ ಒಂದೇ ಅಲ್ವಾ ಅಮ್ಮ? ಅದರ ನೀರೆಲ್ಲ ತೊಟ್ಟಿಗೆ ಬಿಟ್ಟರೆ ಅಡಿಗೆಮನೆ ನಲ್ಲೀಲಿ ಏನು ಬರುತ್ತೆ? ಸಣ್ಣ ದಾರ.”

ಅಕ್ಕಂದಿರೇ, ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ವಿಡಿಯೊ ಇಂಟರ್‌ನೆಟ್ ಮೂಲಕ ತುಂಡು ತುಂಡಾಗಿ ಬರುತ್ತದೆ. ಮುಂದಿನ ತುಂಡುಗಳನ್ನು ಫೋನು ಮೊದಲೇ ತಂದಿಟ್ಟುಕೊಳ್ಳುತ್ತದೆ. ಹಂಡೆಯಲ್ಲಿ ನೀರು ತುಂಬಿಟ್ಟ ಹಾಗೆ. ನಲ್ಲಿ ಸಣ್ಣಗಾಯಿತು, ನಾವು ಚೊಂಬಿನಲ್ಲಿ ಬೇಗ ಬೇಗ ತೋಡಿದೆವು ಅನ್ನಿ. ಹಂಡೆ ಖಾಲಿ! ಆಗ ವಿಡಿಯೊ ನಿಲ್ಲುತ್ತದೆ. ಪರದೆಯಲ್ಲಿ ಚಕ್ರ ತಿರುಗುತ್ತದೆ.

ರೇಡಿಯೊ ಹೀಗಲ್ಲ. ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾಯಿತು. ರೇಡಿಯೊ ಪೆಟ್ಟಿಗೆಯಲ್ಲಿ ಒಬ್ಬರು ಕೇಳಿದರೂ ಸಾವಿರ ಜನ ಕೇಳಿದರೂ ಹಾಡು ತೊದಲುವುದಿಲ್ಲ. ಅದು ಎಲ್ಲರಿಗೂ ಒಟ್ಟಿಗೆ ಬೀಳುವ ಮಳೆ. ಫೋನಿನ ಇಂಟರ್‌ನೆಟ್ ನಾಲೆಯ ನೀರು. ಟವರಿನಿಂದ ಬರುವುದನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಒಟ್ಟಿಗೆ ಎಳೆದರೆ ಒಬ್ಬೊಬ್ಬರ ಪಾಲು ಕಡಿಮೆಯಾಗುತ್ತದೆ.

ಹಾಗಾದರೆ ಏನು ಮಾಡಬೇಕು?

1. ಪರದೆ ಎಳೆದು ನೋಡಿ. ಏನಾದರೂ ಇಳಿಯುತ್ತಿದ್ದರೆ ನಿಲ್ಲಿಸಿ. ರಾತ್ರಿ ಮಲಗುವಾಗ ಮತ್ತೆ ಇಳಿಸಿಕೊಳ್ಳಿ.

2. ವಾಟ್ಸಾಪ್‌ನಲ್ಲಿ ಬರುವ ಫೋಟೊ, ವಿಡಿಯೊಗಳು ತಾವಾಗಿಯೇ ಇಳಿಯುತ್ತಿರಬಹುದು. ಅದರ ಸೆಟ್ಟಿಂಗ್ಸ್‌ನಲ್ಲಿ ಇದನ್ನು ನಿಲ್ಲಿಸಬಹುದು. ಆಮೇಲೆ ಬೇಕಾದದ್ದನ್ನು ಮಾತ್ರ ಒತ್ತಿ ನೋಡಿ.

3. ಸಿಗ್ನಲ್ ಗೆರೆ ಎಣಿಸಿ. ಒಂದೇ ಗೆರೆ ಇದ್ದರೆ ಕಿಟಕಿ ಹತ್ತಿರ ಹೋಗಿ.

4. ದಿನದ ಡೇಟಾ ಮುಗಿದಿದೆಯೇ ನೋಡಿ. ಮುಗಿದರೆ ವೇಗ ತುಂಬಾ ಕಡಿಮೆಯಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ.

5. ಯೂಟ್ಯೂಬ್ ವಿಡಿಯೊದ ಮೂಲೆಯಲ್ಲಿ ಹಲ್ಲಿರುವ ಚಕ್ರದ ಗುರುತು ಇದೆ. ಅದನ್ನು ಒತ್ತಿದರೆ ಚಿತ್ರದ ಗುಣಮಟ್ಟ ಆರಿಸಬಹುದು. 720, 360, 240 ಎಂಬ ಅಂಕಿಗಳು ಸಿಗುತ್ತವೆ. ಚಿಕ್ಕ ಅಂಕಿ ಆರಿಸಿ. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಆದರೆ ಡೇಟಾ ಕಡಿಮೆ ಸಾಕು. ಮಾತು ಕಡಿಯುವುದೂ ಕಡಿಮೆಯಾಗುತ್ತದೆ.

6. ವಿಡಿಯೊ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯಿರಿ. ಹಂಡೆ ತುಂಬಲಿ.

ಫೋನೇ ಕೆಟ್ಟಿದೆಯೋ? ಇದಕ್ಕೂ ಒಂದು ಪರೀಕ್ಷೆ ಇದೆ. ಮೊಬೈಲ್ ಡೇಟಾ, ವೈಫೈ ಎರಡನ್ನೂ ಆರಿಸಿ. ಫೋನಿನಲ್ಲೇ ತೆಗೆದ ಒಂದು ವಿಡಿಯೊ ಹಾಕಿ. ಅದು ಸರಾಗವಾಗಿ ಓಡಿದರೆ ಫೋನಿನದು ತಪ್ಪಲ್ಲ. ನೆಟ್ ಬರುವ ದಾರಿ ಕಿರಿದಾಗಿದೆ, ಅಷ್ಟೆ. ಅದೂ ತೊದಲಿದರೆ? ಫೋನು ಬಿಸಿಯಾಗಿರಬಹುದು. ಜಾಗ ತುಂಬಿರಬಹುದು. ಬೇಡದ ವಿಡಿಯೊ ಅಳಿಸಿ. ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಮೇಲೂ ಸರಿಯಾಗದಿದ್ದರೆ ರಿಪೇರಿಯ ಮಾತು.

ಅಕ್ಕನ ಫೋನು ಈ ಪರೀಕ್ಷೆಯಲ್ಲಿ ಗೆದ್ದಿತು. ಗೇಮ್ ಇಳಿಯುವುದನ್ನು ನಿಲ್ಲಿಸಿದರು. ಹೊಲಿಗೆ ವಿಡಿಯೊ ಸಲೀಸಾಗಿ ಓಡಿತು. ಸಾಲ ತಪ್ಪಿತು.

ರವಿಕೆ ಏನಾಯಿತು? ಅಕ್ಕ ಪಕ್ಕದ ಮನೆಯವರಿಗೆ ನಿಜ ಹೇಳಿದಳು. ಉಳಿದ ಬಟ್ಟೆಯಿಂದ ಪಕ್ಕಕ್ಕೆ ಪಟ್ಟಿ ಸೇರಿಸಿ ಹೊಲಿದು ಕೊಟ್ಟಳು. ಕೂಲಿ ತೆಗೆದುಕೊಳ್ಳಲಿಲ್ಲ. ಅವರು ಮತ್ತೊಂದು ಬಟ್ಟೆ ಕೊಟ್ಟರು.

ಈಗ ಅಕ್ಕ ವಿಡಿಯೊವನ್ನು ಪೂರ್ತಿ ನೋಡುತ್ತಾಳೆ. ಅಳತೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಆಮೇಲೆ ಕತ್ತರಿ ಹಿಡಿಯುತ್ತಾಳೆ. ಬರೆದ ಮಾತು ತೊದಲುವುದಿಲ್ಲ, ಅಲ್ಲವೇ?

ಮಾತಾಡೋಣ
1. ಅಕ್ಕನ ರವಿಕೆ ಬಿಗಿಯಾದದ್ದು ಯಾಕೆ?
2. ಹೊಸ ಫೋನ್ ಕೊಳ್ಳುವ ಮೊದಲು ಯಾವ ಪರೀಕ್ಷೆ ಮಾಡಬೇಕು?
3. ನಿಮ್ಮ ಫೋನಿನಲ್ಲಿ ಈಗ ಏನಾದರೂ ಇಳಿಯುತ್ತಿದೆಯೇ? ತೆರೆದು ನೋಡಿ.

ಓದಿ, ಬರೆಯಿರಿ
ಬಾಣ, ಚಕ್ರ, ಸಿಗ್ನಲ್, ಡೇಟಾ, ಅರ್ಧ ಇಂಚು