ಪರ್ಸಿ ಹಾಕುವ ಮೊದಲು ಕೆಳಗಿನ ನೆಲ ನೋಡ್ರಿ



ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸದಸ್ಯೆಯೊಬ್ಬರು ಮನೆ ಮುಂದಿನ ಅಂಗಳಕ್ಕೆ ಪರ್ಸಿ ಹಾಕಿಸಲು ಸಂಘದಿಂದ 15,000 ರೂಪಾಯಿ ಸಾಲ ತೆಗೆದುಕೊಂಡರು. ಮೇ ತಿಂಗಳಲ್ಲಿ ಕಲ್ಲು ಕೂತವು. ಬೇಳೆ ಒಣಹಾಕಲು, ಸಂಜೆ ಕೂತು ಮಾತಾಡಲು ಜಾಗ ಆಯಿತೆಂದು ಓಣಿಯವರೆಲ್ಲ ನೋಡಿ ಹೋದರು. ಆಗಸ್ಟ್ ಬರುವಷ್ಟರಲ್ಲಿ ಬಚ್ಚಲ ಕಡೆಯ ಕಲ್ಲು ಮೇಲೆದ್ದವು, ಎರಡು ಒಡೆದವು. ರಾತ್ರಿ ಎದ್ದು ಹೊರಗೆ ಬಂದ ಅತ್ತೆ ಎಡವಿ ಬಿದ್ದು ಮುಂಗೈ ಮುರಿದುಕೊಂಡರು. ಸಾಲದ ಕಂತು ಇನ್ನೂ ಹನ್ನೊಂದು ಬಾಕಿ ಇದ್ದವು.

"ಕಲ್ಲೇ ಖರಾಬ್ ಬಂದಾವ್ರಿ ಸಿಸ್ಟರ್" ಅಂದರು. ಗೌಂಡಿ ಕಲ್ಲು ಮಾರಿದವರ ಮೇಲೆ ಹಾಕಿದ, ಅವರು ಗೌಂಡಿಯ ಮೇಲೆ ಹಾಕಿದರು. ಒಂದು ಕಲ್ಲು ಎತ್ತಿಸಿ ನೋಡಿದೆ. ಕಲ್ಲು ಗಟ್ಟಿ ಇತ್ತು. ಕೆಳಗೆ ಎರಡು ಇಂಚು ಉಸುಕು, ಅದರ ಕೆಳಗೆ ನೇರ ಎರೆಮಣ್ಣು. ಅವರಿಗೆ ಬುದ್ಧಿ ಹೇಳುವ ಧೈರ್ಯ ನನಗೆ ಆಗಲಿಲ್ಲ, ಯಾಕಂದರೆ ಹಿಂದೆ ನಮ್ಮ ಹೊಲಿಗೆ ತರಬೇತಿ ಕೇಂದ್ರದ ಅಂಗಳಕ್ಕೆ ನಾನೇ ಮುಂದೆ ನಿಂತು ಇದೇ ತಪ್ಪು ಮಾಡಿಸಿದ್ದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತ ನೆಲದೊಳಗೆ ಸುಣ್ಣದ ಕಲ್ಲು ಪದರು ಪದರಾಗಿ ಇದೆ. ಪದರು ಬಿಡಿಸಿ ಎಬ್ಬಿಸಿದರೆ ಪರ್ಸಿ, ಅರೆದು ಸುಟ್ಟರೆ ಸಿಮೆಂಟ್. ಆದರೆ ಅದರ ಮೇಲೆ ಬಹಳ ಕಡೆ ಎರೆಮಣ್ಣು ಇದೆ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಹೋಗುವುದನ್ನು ನೀವೇ ನೋಡಿದ್ದೀರಿ. ಅಂಗಳವೂ ಅದೇ ಹೊಲದ ಮಣ್ಣು. ಉಬ್ಬುವುದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನೀರು ಎಲ್ಲಿ ಹೆಚ್ಚು ಇಳಿಯಿತೋ ಅಲ್ಲಿ ಕಲ್ಲು ಏಳುತ್ತದೆ. ಚಿಂಚೋಳಿಯ ಗುಡ್ಡದ ಕಡೆ ಕೆಂಪು ಮಣ್ಣು ಇರುವವರಿಗೆ ಈ ಕಾಟ ಕಡಿಮೆ.

ಉಪಾಯ ಹೊಸದಲ್ಲ. ಉಬ್ಬದ, ಆದರೆ ಒಂದಕ್ಕೊಂದು ಅಂಟುವ ಮಣ್ಣನ್ನು ಎರೆಮಣ್ಣಿನ ಮೇಲೆ ದಪ್ಪವಾಗಿ ಬಡಿದು ಕೂಡಿಸಿದರೆ ಉಬ್ಬು ತಡೆಯಬಹುದೆಂದು ಮುಂಬೈ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು ಪ್ರಯೋಗ ಮಾಡಿ ತೋರಿಸಿದರು. ಕಾಲುವೆ ಕಟ್ಟುವಾಗ ಈ ಪದ್ಧತಿ ಬಳಸುತ್ತಾರೆ. ನಮ್ಮ ಕಡೆ ಇದಕ್ಕೆ ಸಿಗುವ ವಸ್ತು ಮರಂ.

ಬರೀ ಉಸುಕು ತುಂಬಿದರೆ ಆಗದೇ ಎಂದು ಕೇಳುತ್ತೀರಿ. ಆಗುವುದಿಲ್ಲ. ಎರೆಮಣ್ಣಿನ ಗುಂಡಿಯಲ್ಲಿ ಉಸುಕು ತುಂಬಿದರೆ ಅದು ಹೌದಿನಂತೆ ಮಳೆನೀರು ಹಿಡಿದು ಕೂರುತ್ತದೆ, ಕೆಳಗಿನ ಮಣ್ಣು ವಾರಗಟ್ಟಲೆ ಕುಡಿಯುತ್ತದೆ. ಪಾಲಿಶ್ ಘಟಕಗಳಿಂದ ಬರುವ ಕಲ್ಲಿನ ರಾಡಿಯನ್ನೂ ತುಂಬಬೇಡಿ. ಪುಕ್ಕಟೆ ಸಿಗುತ್ತದೆ ನಿಜ, ನೀರು ಬಿದ್ದರೆ ಮತ್ತೆ ರಾಡಿಯೇ.

ಕೆಲಸದ ಕಾಲವೂ ಮುಖ್ಯ. ಮೇ ತಿಂಗಳಲ್ಲಿ ಮಣ್ಣು ಪೂರ್ತಿ ಕುಗ್ಗಿರುತ್ತದೆ, ಆಗ ಕಲ್ಲು ಕೂಡಿಸಿದರೆ ಮಳೆಗೆ ಅತಿ ಹೆಚ್ಚು ಉಬ್ಬುವುದು ನಿಮ್ಮ ಕಲ್ಲಿನ ಕೆಳಗೇ. ತೊಗರಿ ರಾಶಿ ಮುಗಿದ ಕೂಡಲೇ, ನೆಲದಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗ ಹಿಡಿಯಿರಿ.

10 ಅಡಿ ಅಗಲ, 12 ಅಡಿ ಉದ್ದದ ಅಂಗಳ ಅಂದುಕೊಳ್ಳಿ. ಮನೆ ಕಡೆ ಬಿಟ್ಟು ಉಳಿದ ಮೂರೂ ಬದಿಗೆ ಅರ್ಧ ಅಡಿ ಹೆಚ್ಚು ಬಿಟ್ಟು ದಾರ ಕಟ್ಟಿ, ಒಂದು ಅಡಿ ಆಳ ತೋಡಿ. ಹಳೆಯ ಮಣ್ಣಿನ ಗೋಡೆ ಇದ್ದರೆ ಅದರ ಬುಡ ಬಿಚ್ಚಬೇಡಿ, ಒಂದು ಅಡಿ ದೂರ ಇರಿ. ತೆಗೆದ ಎರೆಮಣ್ಣು ಹೊಲಕ್ಕೆ ಹೋಗಲಿ, ಬದಿಗೆ ಗುಡ್ಡೆ ಹಾಕಿದರೆ ಸೋಮಾರಿತನಕ್ಕೆ ವಾಪಸ್ ಗುಂಡಿಗೇ ಬೀಳುತ್ತದೆ. ತಳದಲ್ಲಿ ಬಿರುಕು ಕಂಡರೆ ಮರಂ ಉದುರಿಸಿ ಮುಚ್ಚಿ, ಎರಡು ಸಂಜೆ ನೀರು ಚಿಮುಕಿಸಿ, ಆಮೇಲೆ ಬಡಿಯಿರಿ.

ಈಗ ಮರಂ. ಒಂದೂಕಾಲರಿಂದ ಒಂದೂವರೆ ಬ್ರಾಸ್ ಬೇಕಾಗುತ್ತದೆ (ಒಂದು ಬ್ರಾಸ್ ಅಂದರೆ 100 ಘನ ಅಡಿ). ಒಮ್ಮೆಲೇ ಸುರಿಯಬಾರದು. ನಾಲ್ಕು ಇಂಚು ಹರವಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದರೆ ಅದು ಮೂರು ಇಂಚಿಗೆ ಇಳಿಯುತ್ತದೆ. ಹೀಗೆ ಮೂರು ಸಲ, ಒಟ್ಟು ಒಂಬತ್ತು ಇಂಚು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಕೈ ಒದ್ದೆ ಆಗಬಾರದು, ಅಷ್ಟೇ ನೀರು. ಬಡಿದ ಮೇಲೆ ಹಿಮ್ಮಡಿ ಒತ್ತಿದರೆ ಗುರುತು ಬೀಳಬಾರದು. ಬಿದ್ದರೆ ಮತ್ತೆ ಬಡಿಯಿರಿ. ಎಲ್ಲರೂ ಬೇಸರ ಮಾಡುವುದು ಇಲ್ಲೇ. ದಿನಗೂಲಿಗೆ ಬಂದವರು ಎರಡು ಸುತ್ತಿಗೆ ಸಾಕು ಅನ್ನುತ್ತಾರೆ, ನೀವು ಒಪ್ಪಬೇಡಿ.

ಇಳಿಜಾರನ್ನು ಮರಂನಲ್ಲೇ ಕೊಡಬೇಕು, ಮೇಲಿನ ಉಸುಕಿನಲ್ಲಿ ಅಲ್ಲ. ಮನೆಯಿಂದ ಹೊರಗೆ 10 ಅಡಿಗೆ ಎರಡು, ಎರಡೂವರೆ ಇಂಚು. ಗೌಂಡಿಯ ಹತ್ತಿರ ನೀರಿನ ಪೈಪ್ ಲೆವೆಲ್ ಇರುತ್ತದೆ, ಅದರಿಂದ ನೋಡಿ. ಬಚ್ಚಲ ನೀರನ್ನು ಪೈಪಿನಲ್ಲಿ ಅಂಗಳದಿಂದ ದೂರ ಒಯ್ಯದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಮೇಲೆ ಒಂದೂವರೆ ಎರಡು ಇಂಚು ಉಸುಕು ಅಥವಾ ಕ್ರಷರ್ ಪುಡಿ ಹರವಿ. ಕಾಗಿಣಾ ಉಸುಕಿಗೆ ರಾತ್ರಿ ಟ್ರ್ಯಾಕ್ಟರ್ ಕಾಯುವುದು ಬೇಡ, ಪುಡಿ ಚೆನ್ನಾಗಿಯೇ ಕೂರುತ್ತದೆ. ಕಲ್ಲು ಒಂದು ಇಂಚಿಗಿಂತ ದಪ್ಪ ಇರಲಿ, ಪಾಲಿಶ್ ಇಲ್ಲದ್ದೇ ಇರಲಿ. ಪಾಲಿಶ್ ಕಲ್ಲು ಮಳೆಯಲ್ಲಿ ಜಾರುತ್ತದೆ.

ಇನ್ನೊಂದು ಮಾತು. ಗಣಿಯಲ್ಲಿ ಪರ್ಸಿ ಎಬ್ಬಿಸುವವರ ಓಣಿಗಳಲ್ಲೇ ಅಂಗಳ ಕೆಸರಾಗಿರುವುದನ್ನು ನೋಡಿದ್ದೇನೆ. ತುಂಡು ಪರ್ಸಿ ಅವರ ಕಣ್ಣ ಮುಂದೆಯೇ ರಾಶಿ ಬಿದ್ದಿರುತ್ತದೆ. ಮಾಲೀಕರನ್ನು ಕೇಳಿ ತಂದ ತುಂಡುಗಳಿಂದಲೂ ಒಳ್ಳೆಯ ಅಂಗಳ ಆಗುತ್ತದೆ, ಮರಂ ಮತ್ತು ಮೈಮುರಿ ಕೆಲಸ ಮಾತ್ರ ಬೇಕು. ನಾಲ್ಕು ಮನೆಯವರು ಸೇರಿ ಒಬ್ಬರ ಅಂಗಳ ಒಬ್ಬರು ಬಡಿದರೆ ಕೂಲಿಯೂ ಉಳಿಯುತ್ತದೆ.

ಆ ಸದಸ್ಯೆಯ ಕಂತನ್ನು ಸಂಘ ಮೂರು ತಿಂಗಳು ಮುಂದಕ್ಕೆ ಹಾಕಿತು. ಜನವರಿಯಲ್ಲಿ ಕಲ್ಲು ಎತ್ತಿ, ಗುಂಡಿ ತೋಡಿ, ಮರಂ ಬಡಿದು, ಅವೇ ಕಲ್ಲು ಮತ್ತೆ ಕೂಡಿಸಿದೆವು. ಎರಡೇ ಹೊಸವು ಬೇಕಾದವು. ಅಂದಿನಿಂದ ಆ ಸಂಘದಲ್ಲಿ ಅಂಗಳದ ಸಾಲವನ್ನು ಎರಡು ಸಲ ಕೊಡುತ್ತಾರೆ. ಮೊದಲು ಗುಂಡಿ ಮತ್ತು ಮರಂಗೆ, ಇಬ್ಬರು ಸದಸ್ಯರು ಹೋಗಿ ಹಿಮ್ಮಡಿ ಒತ್ತಿ ನೋಡಿ ಬಂದ ಮೇಲೆ ಕಲ್ಲಿಗೆ. ನಿಮ್ಮಲ್ಲೂ ಇದನ್ನು ಚರ್ಚಿಸಿ.

ಮುಂದಿನ ಸಭೆಗೆ ಅಂಗಳದ ಮಣ್ಣು ಮತ್ತು ಮರಂ ಒಂದೊಂದು ಹಿಡಿ ತನ್ನಿ. ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದಿರಲಿ. ಒಂದೇ ಅಳತೆಯ ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ, ಒಂದಕ್ಕೆ ಮೂರು ಚಮಚ ಮಣ್ಣು, ಇನ್ನೊಂದಕ್ಕೆ ಮೂರು ಚಮಚ ಮರಂ ನಿಧಾನ ಉದುರಿಸಿ ಒಂದು ದಿನ ಬಿಡಿ. ಯಾವುದು ಎಷ್ಟು ಎತ್ತರಕ್ಕೆ ನಿಂತಿತೆಂದು ಬೆರಳಿನಿಂದ ಅಳೆದು ಸಭೆಯ ಪುಸ್ತಕದಲ್ಲಿ ಬರೆದಿಡಿ.