ಮುಪ್ಪಿನ ಗಿನಿಪಿಗ್‌ಗೆ ಕಾಯಿಲೆ ಬಂದಾಗ



ಗಿನಿಪಿಗ್‌ನ ಆಯಸ್ಸು ಸಾಮಾನ್ಯವಾಗಿ 5ರಿಂದ 8 ವರ್ಷ. ನಾಲ್ಕೈದು ವರ್ಷ ದಾಟಿತೆಂದರೆ ಮುಪ್ಪು ಶುರುವಾಯಿತೆಂದೇ ಲೆಕ್ಕ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಜನ ಪಳಗಿಸಿದ ಈ ಪ್ರಾಣಿ ಮೂಲದಲ್ಲಿ ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜಾತಿಯದು. ಗುಂಪಿನಲ್ಲಿ ಸೊರಗಿ ಕಂಡದ್ದೇ ಮೊದಲು ಬೇಟೆಯಾಗುವುದರಿಂದ ನೋವನ್ನು ಮುಚ್ಚಿಡುವುದು ಅದರ ಹುಟ್ಟುಗುಣ. ‘ಇವತ್ತು ಯಾಕೋ ಮಂಕಾಗಿದೆ’ ಎಂದು ಮನೆಯವರಿಗೆ ಅನಿಸುವ ಹೊತ್ತಿಗೆ ಕಾಯಿಲೆ ಒಳಗೆ ಬಹಳ ದಿನಗಳಿಂದ ಬೆಳೆದಿರುತ್ತದೆ.

ಆದ್ದರಿಂದ ಆರೈಕೆಯ ಮೊದಲ ಸಲಕರಣೆ ಔಷಧದ ಬಾಟಲಿಯಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಬೆಳೆದ ಗಿನಿಪಿಗ್ 700ರಿಂದ 1200 ಗ್ರಾಂ ತೂಗುತ್ತದೆ. ಆರೋಗ್ಯವಾಗಿರುವಾಗ ವಾರಕ್ಕೊಮ್ಮೆ, ಕಾಯಿಲೆ ಬಿದ್ದ ಮೇಲೆ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಬೇಕು. ಮೂವತ್ತು ನಲವತ್ತು ಗ್ರಾಂ ಹೆಚ್ಚುಕಡಿಮೆಯಾಗುವುದು ಸಹಜ. ಆದರೆ ಒಂದು ಕಿಲೋ ಇದ್ದದ್ದು ಕೆಲವೇ ದಿನಗಳಲ್ಲಿ 900 ಗ್ರಾಂಗೆ ಇಳಿದರೆ ನಾಳೆ ನೋಡೋಣ ಎನ್ನುವಂತಿಲ್ಲ. ಅಂದೇ ಪಶುವೈದ್ಯರಿಗೆ ತೋರಿಸಬೇಕು. ಮೈತುಂಬ ಕೂದಲಿರುವ ಪ್ರಾಣಿ ಸಣ್ಣಗಾಗುವುದು ಕಣ್ಣಿಗೆ ತಿಳಿಯುವುದಿಲ್ಲ. ಅದು ತಿಳಿಯುವುದು ತಕ್ಕಡಿಗೆ ಮಾತ್ರ.

ತೂಕಕ್ಕೆ ಇಷ್ಟು ಮಹತ್ವ ಬಂದದ್ದು ಅದರ ಹೊಟ್ಟೆಯ ರಚನೆಯಿಂದ. ತಿಂದ ಹುಲ್ಲು ದೊಡ್ಡ ಕರುಳಿನ ಆರಂಭದಲ್ಲಿರುವ ಸೀಕಮ್ ಎಂಬ ಚೀಲದಲ್ಲಿ ಸೂಕ್ಷ್ಮಜೀವಿಗಳ ನೆರವಿನಿಂದ ಹುದುಗುತ್ತದೆ. ಮೇಲಿನಿಂದ ನಾರು ಬರುತ್ತಲೇ ಇದ್ದರೆ ಕರುಳು ಚಲಿಸುತ್ತದೆ, ನಿಂತರೆ ಅದೂ ನಿಲ್ಲುತ್ತದೆ. ಹಲ್ಲುನೋವಿಗೋ ಉಸಿರಾಟದ ತೊಂದರೆಗೋ ತಿನ್ನುವುದನ್ನು ಬಿಟ್ಟ ಪ್ರಾಣಿಯಲ್ಲಿ ವಾಯು ತುಂಬುತ್ತದೆ, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ, ಹಸಿವು ಇನ್ನಷ್ಟು ಸಾಯುತ್ತದೆ. ಅರ್ಧ ದಿನ ಏನೂ ತಿನ್ನದಿದ್ದರೆ ಅಪಾಯ, ಒಂದು ದಿನ ದಾಟಿದರೆ ಪ್ರಾಣಕ್ಕೇ ಸಂಚಕಾರ. ಎಷ್ಟೋ ಗಿನಿಪಿಗ್‌ಗಳು ಸಾಯುವುದು ಮೂಲ ಕಾಯಿಲೆಯಿಂದಲ್ಲ, ಅದರ ಜೊತೆ ಬಂದ ಉಪವಾಸದಿಂದ. ಕಾಯಿಲೆ ಯಾವುದೆಂದು ಗೊತ್ತಾಗುವ ಮೊದಲೇ ಊಟದ ವ್ಯವಸ್ಥೆ ಆಗಬೇಕಾದದ್ದು ಇದೇ ಕಾರಣಕ್ಕೆ.

ತಾನಾಗಿ ತಿನ್ನದ ಪ್ರಾಣಿಗೆ ಸಿರಿಂಜ್‌ನಲ್ಲಿ ಉಣಿಸಬೇಕಾಗುತ್ತದೆ. ಸಸ್ಯಾಹಾರಿ ಪ್ರಾಣಿಗಳಿಗೆಂದೇ ತಯಾರಾದ ನಾರುಭರಿತ ಪುಡಿ ದೊಡ್ಡ ಊರುಗಳ ಪಶು ಔಷಧಿ ಅಂಗಡಿಗಳಲ್ಲಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅದು ದಿನವೂ ತಿನ್ನುವ ಪೆಲೆಟ್‌ಗಳನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಗಂಜಿಯ ಹದಕ್ಕೆ ತರಬಹುದು. ಹಾಲು, ಮೊಸರು, ಸೆರೆಲ್ಯಾಕ್‌ನಂಥ ಮಗುವಿನ ಆಹಾರ ಕೂಡದು. ಪ್ರಾಣಿಯನ್ನು ಟವೆಲ್‌ನಲ್ಲಿ ಸಡಿಲವಾಗಿ ಸುತ್ತಿ, ನಾಲ್ಕು ಕಾಲ ಮೇಲೆ ಕೂತ ಭಂಗಿಯಲ್ಲೇ ಹಿಡಿಯಬೇಕು. ಅಂಗಾತ ಮಲಗಿಸಿದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತದೆ. ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜ್‌ನ ತುದಿಯನ್ನು ಬಾಯಿಯ ಪಕ್ಕದಿಂದ, ಮುಂದಿನ ಹಲ್ಲುಗಳ ಹಿಂದೆ ಇರುವ ಖಾಲಿ ಜಾಗದಲ್ಲಿ ತೂರಿಸಿ ಅರ್ಧ ಮಿಲಿಲೀಟರ್‌ನಷ್ಟೇ ಬಿಟ್ಟು, ಅದು ಅಗಿದು ನುಂಗುವ ತನಕ ಕಾಯಬೇಕು. ಆತುರಪಟ್ಟವರಿಗೆ ಇದು ಒಗ್ಗುವ ಕೆಲಸವಲ್ಲ. ಏನೂ ತಿನ್ನದ ಪ್ರಾಣಿಗೆ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 80 ಮಿಲಿಲೀಟರ್ ಬೇಕು. ಅದನ್ನು ಐದಾರು ಹೊತ್ತಿಗೆ ಹಂಚಿ, ರಾತ್ರಿಯೂ ಒಮ್ಮೆ ಎದ್ದು ಕೊಡಬೇಕು. ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ಮಾತ್ರ ಒತ್ತಾಯದ ಊಟ ನಿಲ್ಲಿಸಿ ನೇರ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಒಳಗೆ ತಡೆಯಿದ್ದಾಗ ಉಣಿಸುವುದು ಹಾನಿಯೇ.

ಊಟದ ಜೊತೆಗೆ ಗಮನಿಸಬೇಕಾದದ್ದು ವಿಟಮಿನ್ ಸಿ. ಮನುಷ್ಯರ ಹಾಗೆ ಗಿನಿಪಿಗ್ ಕೂಡ ಇದನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಿಗೆ ಸ್ಕರ್ವಿ ಬರುವುದನ್ನು ತೋರಿಸಿದರು. ಆ ವಿಟಮಿನ್‌ನ ಹುಡುಕಾಟಕ್ಕೆ ದಾರಿಯಾದದ್ದು ಈ ಪ್ರಯೋಗವೇ. ಆರೋಗ್ಯವಂತ ಪ್ರಾಣಿಗೆ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಾಕು, ಕಾಯಿಲೆಯಲ್ಲಿ ಇನ್ನೂ ಹೆಚ್ಚು ಬೇಕು. ಕೊರತೆಯಾದರೆ ಕೀಲು ಊದಿ ಕುಂಟುತ್ತದೆ, ವಸಡಿನಲ್ಲಿ ರಕ್ತ ಬರುತ್ತದೆ, ಗಾಯ ಮಾಯುವುದಿಲ್ಲ. ವಯಸ್ಸಾಯಿತು, ಅದಕ್ಕೇ ಓಡಾಡುವುದಿಲ್ಲ ಎಂದು ಜನ ಸುಮ್ಮನಾಗುವ ಕೆಲವು ಪ್ರಾಣಿಗಳಿಗೆ ಇರುವುದು ಇದೇ ಕೊರತೆ. 100 ಗ್ರಾಂ ಹಸಿರು ದೊಣ್ಣೆ ಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಇರುವುದರಿಂದ ದಿನಕ್ಕೊಂದು ಹೋಳು, ಸ್ವಲ್ಪ ಕೊತ್ತಂಬರಿ ಸೊಪ್ಪು ರೂಢಿ ಮಾಡಿಸಿದರೆ ಸಾಕು. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕುವುದು ವ್ಯರ್ಥ: ಅದು ಗಂಟೆಗಳಲ್ಲೇ ಸತ್ವ ಕಳೆದುಕೊಳ್ಳುತ್ತದೆ, ರುಚಿ ಕೆಟ್ಟಿತೆಂದು ಪ್ರಾಣಿ ನೀರನ್ನೇ ಬಿಡುವುದೂ ಉಂಟು.

ಮುಪ್ಪಿನಲ್ಲಿ ಬರುವ ದೊಡ್ಡ ಕಾಯಿಲೆಗಳಲ್ಲಿ ಹಲ್ಲಿನದು ಮುಖ್ಯ. ಗಿನಿಪಿಗ್‌ನ 20 ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದು ಸವೆಯದಿದ್ದರೆ ಕೆಳಗಿನ ದವಡೆ ಹಲ್ಲುಗಳು ಒಳಕ್ಕೆ ಬಾಗಿ ನಾಲಿಗೆಯನ್ನೇ ಅದುಮಿಬಿಡುತ್ತವೆ. ಆಗ ಪ್ರಾಣಿ ತಟ್ಟೆಯ ಹತ್ತಿರ ಆಸೆಯಿಂದ ಬರುತ್ತದೆ, ಸೊಪ್ಪು ಕಚ್ಚುತ್ತದೆ, ಬಿಟ್ಟುಬಿಡುತ್ತದೆ. ಜೊಲ್ಲಿನಿಂದ ಗದ್ದ ಸದಾ ಒದ್ದೆ. ಮುಂದಿನ ಹಲ್ಲು ನೋಡಿ ಎಲ್ಲ ಸರಿಯಾಗಿದೆ ಎನ್ನುವಂತಿಲ್ಲ, ಏಕೆಂದರೆ ತೊಂದರೆಯಿರುವುದು ಹಿಂದೆ. ಅರಿವಳಿಕೆ ಕೊಟ್ಟು ಹೆಚ್ಚು ಬೆಳೆದ ಹಲ್ಲನ್ನು ತೇಯಿಸಬೇಕು, ಹಲವು ಪ್ರಾಣಿಗಳಿಗೆ ಕೆಲವು ವಾರ ಅಥವಾ ತಿಂಗಳಿಗೊಮ್ಮೆ ಮತ್ತೆ ಮಾಡಿಸಬೇಕು. ಅರಿವಳಿಕೆಗೆ ಮುಂಚೆ ನಾಯಿ ಬೆಕ್ಕುಗಳಿಗೆ ಮಾಡಿಸುವಂತೆ ರಾತ್ರಿಯಿಡೀ ಉಪವಾಸ ಇಡಬಾರದು. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಆ ಉಪವಾಸದ ಅಗತ್ಯವಿಲ್ಲ; ಉಪವಾಸವೇ ಅದನ್ನು ಕೊಲ್ಲಬಹುದು.

ಮೂತ್ರದಲ್ಲಿ ರಕ್ತ, ಉಚ್ಚೆ ಹೊಯ್ಯುವಾಗ ಕೀರಲು ದನಿ ಕಂಡರೆ ಮೂತ್ರಕೋಶದ ಕಲ್ಲನ್ನು ಶಂಕಿಸಿ ಎಕ್ಸ್‌ರೇ ತೆಗೆಸಬೇಕು. ಈ ಕಲ್ಲುಗಳು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್‌ನವು, ಪಥ್ಯದಿಂದ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯ ನಂತರವೂ ಮರಳಿ ಬರುವುದುಂಟು. ಪಾಲಕ್ ಮತ್ತು ಕುದುರೆ ಮಸಾಲೆ ಸೊಪ್ಪನ್ನು ಅಂಥ ಪ್ರಾಣಿಗೆ ನಿಲ್ಲಿಸಬೇಕು. ಹೆಣ್ಣಿನ ಎರಡೂ ಪಕ್ಕೆಗಳಲ್ಲಿ ಸಮನಾಗಿ ಕೂದಲು ಉದುರಿದರೆ ಅಂಡಾಶಯದ ನೀರುಗುಳ್ಳೆ ಇರಬಹುದು. ಕೂತಲ್ಲೇ ಪಕ್ಕೆ ಎಳೆದು ಉಸಿರಾಡುತ್ತಿದ್ದರೆ ಅದು ಹೃದಯ ಅಥವಾ ಶ್ವಾಸಕೋಶದ ತೊಂದರೆ, ತಡಮಾಡುವಂತಿಲ್ಲ. ಮುದಿ ಗಂಡುಗಳಿಗೆ ಇನ್ನೊಂದು ಕಷ್ಟವಿದೆ: ಗುದದ ಸ್ನಾಯು ಸಡಿಲಾಗಿ ಮೆತ್ತನೆಯ ಹಿಕ್ಕೆ ಅಲ್ಲೇ ಗಂಟು ಕಟ್ಟುತ್ತದೆ. ಒಮ್ಮೆ ವೈದ್ಯರಿಂದ ಕಲಿತು, ಎಣ್ಣೆ ಸವರಿ ಮೃದುವಾಗಿ ಒತ್ತಿ ತೆಗೆಯುವುದು ಮನೆಯವರ ದಿನದ ಕೆಲಸವಾಗುತ್ತದೆ. ಅಸಹ್ಯಪಟ್ಟುಕೊಳ್ಳುವವರಿದ್ದಾರೆ, ವಯಸ್ಸಾದ ಯಾವ ಜೀವಿಯ ಸೇವೆಯಲ್ಲೂ ಈ ಕೆಲಸ ಇದ್ದೇ ಇರುತ್ತದೆ.

ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ ಗಿನಿಪಿಗ್‌ಗೆ ವಿಷ. ಪೆನಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಎರಿತ್ರೊಮೈಸಿನ್ ಸಹ ಬಾಯಿಯ ಮೂಲಕ ಕೊಟ್ಟರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ವಿಪರೀತ ಬೆಳೆದು, ಅದರ ನಂಜಿನಿಂದ ಪ್ರಾಣಿ ಕೆಲವೇ ದಿನಗಳಲ್ಲಿ ಭೇದಿ ಹತ್ತಿ ಸಾಯುತ್ತದೆ. ವೈದ್ಯರು ಸಾಮಾನ್ಯವಾಗಿ ಆರಿಸುವುದು ಎನ್ರೊಫ್ಲಾಕ್ಸಸಿನ್ ಅಥವಾ ಟ್ರೈಮೆಥೊಪ್ರಿಮ್ ಸಲ್ಫಾ. ನೋವಿಗೆ ಮೆಲಾಕ್ಸಿಕ್ಯಾಮ್ ಕೊಡುತ್ತಾರೆ, ಅದರ ಪ್ರಮಾಣವನ್ನೂ ಅವರೇ ಹೇಳಬೇಕು. ನೋವು ಇಳಿದರೆ ಮಾತ್ರ ಹಸಿವು ಮರಳುವುದರಿಂದ ನೋವಿನ ಮದ್ದನ್ನು ಜಿಪುಣತನದಿಂದ ನೋಡಬಾರದು.

ಕರ್ನಾಟಕದಲ್ಲಿ ತಾಲ್ಲೂಕು ಪಶು ಆಸ್ಪತ್ರೆಗಳ ಹೊತ್ತೆಲ್ಲ ದನ, ಕುರಿ, ನಾಯಿಗಳಿಗೇ ಹೋಗುತ್ತದೆ. ಸಣ್ಣ ಪ್ರಾಣಿಗಳನ್ನು ನೋಡಿ ರೂಢಿಯಿರುವವರು ಬೆಂಗಳೂರಿನಂಥ ನಗರಗಳಲ್ಲಿ ಸುಲಭವಾಗಿ ಸಿಗುತ್ತಾರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲೂ ವಿಚಾರಿಸಬಹುದು. ಹತ್ತಿರದ ವೈದ್ಯರಿಗೆ ಅನುಭವ ಕಡಿಮೆಯಿದ್ದರೆ ಅದು ಅವಮಾನದ ಮಾತಲ್ಲ. ತೂಕದ ಪಟ್ಟಿ ಮುಂದಿಟ್ಟು, ಮೇಲಿನ ಔಷಧಗಳ ಹೆಸರು ಹೇಳಿ ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ವೈದ್ಯರು ಪುಸ್ತಕ ತೆರೆದು ನೋಡುತ್ತಾರೆ.

ಇಲ್ಲಿಯ ಬಿಸಿಲೂ ಒಂದು ಕಾಯಿಲೆಯೇ. ಗಿನಿಪಿಗ್‌ಗೆ ಹಿತವಾದದ್ದು 18ರಿಂದ 24 ಡಿಗ್ರಿ; 30 ದಾಟಿದರೆ, ಅದರಲ್ಲೂ ಸೆಕೆಯಲ್ಲಿ, ಉಷ್ಣಾಘಾತವಾಗುತ್ತದೆ. ಕಲಬುರಗಿ, ರಾಯಚೂರಿನ 40 ಡಿಗ್ರಿಯ ಬೇಸಿಗೆಯಲ್ಲಿ ಹೃದ್ರೋಗವಿರುವ ಮುದಿ ಪ್ರಾಣಿಯನ್ನು ಎಸಿ ಅಥವಾ ಕೂಲರ್ ಇಲ್ಲದ ಕೋಣೆಯಲ್ಲಿ ಉಳಿಸಿಕೊಳ್ಳುವುದು ಕಷ್ಟ. ಬಟ್ಟೆ ಸುತ್ತಿದ ಐಸ್ ಬಾಟಲಿ, ಕೂರಲು ತಣ್ಣನೆಯ ಗ್ರಾನೈಟ್ ತುಂಡು ಸ್ವಲ್ಪ ಮಟ್ಟಿಗೆ ನೆರವಾಗುತ್ತವೆ. ತಂತಿಯ ತಳವಿರುವ ಪಂಜರದಲ್ಲಿ ಪಾದ ಹುಣ್ಣಾಗುವುದರಿಂದ ಒಣಗಿದ ಮೆತ್ತನೆಯ ಬಟ್ಟೆ ಹಾಸಿ, ನೀರು ಮತ್ತು ಹುಲ್ಲನ್ನು ಒಂದೇ ಮಟ್ಟದಲ್ಲಿ, ಹತ್ತಿರದಲ್ಲೇ ಇಡಬೇಕು. ಹೊರದೇಶದ ಟಿಮೊತಿ ಹುಲ್ಲು ದುಬಾರಿ. ಔಷಧ ಸಿಂಪಡಿಸದ ಜಾಗದ ಗರಿಕೆಯನ್ನು ತೊಳೆದು ಕೊಟ್ಟರೆ ಹಲವು ರೋಗಿಷ್ಠ ಗಿನಿಪಿಗ್‌ಗಳು ಬೇರೆಲ್ಲ ಬಿಟ್ಟರೂ ಅದನ್ನು ತಿನ್ನುತ್ತವೆ.

ಜೊತೆಗಾರ ಪ್ರಾಣಿಯಿದ್ದರೆ, ಅಂಟುರೋಗವಲ್ಲದಿದ್ದಲ್ಲಿ, ಬೇರೆ ಮಾಡಬಾರದು. ಗಿನಿಪಿಗ್ ಗುಂಪಿನಲ್ಲಿ ಬದುಕುವ ಪ್ರಾಣಿಯೆಂದೇ ಸ್ವಿಟ್ಜರ್ಲೆಂಡ್ 2008ರಿಂದ ಅದನ್ನು ಒಂಟಿಯಾಗಿ ಸಾಕುವುದನ್ನು ಕಾನೂನಿನಲ್ಲೇ ತಡೆದಿದೆ. ಪಕ್ಕದಲ್ಲಿ ಇನ್ನೊಂದು ತಿನ್ನುತ್ತಿದ್ದರೆ ರೋಗಿಯೂ ಬಾಯಿ ಹಾಕುತ್ತದೆ.

ಕೊನೆಗೆ ಒಂದು ಹಂತ ಬರುತ್ತದೆ. ನೋವಿನ ಮದ್ದು ಕೊಟ್ಟರೂ ಕೂದಲು ನಿಮಿರಿಸಿ ಮೂಲೆ ಹಿಡಿದು ಕೂತಿರುವುದು, ಹಲ್ಲು ಕಡಿಯುವುದು, ಇಷ್ಟದ ಸೊಪ್ಪಿಗೂ ತಲೆ ಎತ್ತದಿರುವುದು, ಉಣಿಸಿದರೂ ತೂಕ ಇಳಿಯುತ್ತಲೇ ಇರುವುದು ಕಂಡಾಗ ಚಿಕಿತ್ಸೆ ಮುಂದುವರಿಸುವುದು ಪ್ರಾಣಿಗಾಗಿಯೋ ಮನೆಯವರ ಸಮಾಧಾನಕ್ಕೋ ಎಂದು ಕೇಳಿಕೊಳ್ಳಬೇಕು. ವೈದ್ಯರು ಮೊದಲು ಪ್ರಜ್ಞೆ ತಪ್ಪಿಸಿ ಆಮೇಲೆ ಕೊಡುವ ದಯಾಮರಣದಲ್ಲಿ ಅದಕ್ಕೆ ನೋವು ತಿಳಿಯುವುದಿಲ್ಲ. ತಾನಾಗಿಯೇ ಹೋಗಲಿ ಎಂದು ಕಾಯುವ ಸಂಪ್ರದಾಯ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಉಪವಾಸ ಮತ್ತು ಉಸಿರುಗಟ್ಟುವಿಕೆಯಿಂದ ಬರುವ ಸಾವು ಸಹಜವಾದರೂ ಸೌಮ್ಯವಲ್ಲ. ಉಳಿದ ಜೊತೆಗಾರ ಕೆಲವು ದಿನ ಮಂಕಾಗಿ ಊಟ ಕಡಿಮೆ ಮಾಡಬಹುದು. ಅದನ್ನೂ ದಿನವೂ ತೂಗಿ, ಆದಷ್ಟು ಬೇಗ ಅದಕ್ಕೊಂದು ಜೊತೆ ಹುಡುಕಿಕೊಡಿ.