ಸ್ವಚ್ಛ ವಾಹಿನಿಯ ಎಂಜಿನ್ ದುರಸ್ತಿ: ಹೆಡ್ ಗ್ಯಾಸ್ಕೆಟ್ ಮತ್ತು ಬೋಲ್ಟ್ ಬಿಗಿತ
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಡೀಸೆಲ್ ಚಾಲಿತ ಸ್ವಚ್ಛ ವಾಹಿನಿಯ ದುರಸ್ತಿ ಬಿಲ್ಲು ಸಾಮಾನ್ಯ ಸಭೆಯ ಅನುಮೋದನೆಗೆ ಬಂದಾಗ ‘ಹೆಡ್ ಗ್ಯಾಸ್ಕೆಟ್ ಬದಲಾವಣೆ’ ಎಂಬ ಬಾಬ್ತನ್ನು ಮಾನ್ಯ ಸದಸ್ಯರು ಕಂಡಿರಬಹುದು. ಎಂಜಿನ್ ಬಿಚ್ಚಿ ಜೋಡಿಸುವ ಕೂಲಿಗೆ ಹೋಲಿಸಿದರೆ ಗ್ಯಾಸ್ಕೆಟ್‌ನ ಬೆಲೆ ಅಲ್ಪ. ಅದೇ ಬಾಬ್ತು ಕೆಲವೇ ತಿಂಗಳಲ್ಲಿ ಮರಳಿ ಬಂದಲ್ಲಿ, ದೋಷವನ್ನು ಗ್ಯಾಸ್ಕೆಟ್‌ನಲ್ಲಷ್ಟೇ ಅಲ್ಲದೆ ಅದನ್ನು ಕೂರಿಸಿದ ಕ್ರಮದಲ್ಲಿಯೂ ಹುಡುಕಬೇಕಾಗುತ್ತದೆ. ವಾಹನ ನಿಂತಷ್ಟು ದಿನವೂ ಮನೆಮನೆಯ ಕಸ ಬೀದಿಗೆ ಬರುತ್ತದೆ.

ಸಿಲಿಂಡರ್ ಬ್ಲಾಕ್ ಮತ್ತು ಹೆಡ್ ನಡುವಿನ ಈ ತೆಳು ಪದರವು ದಹನದ ಅನಿಲ, ಕೂಲೆಂಟ್, ಆಯಿಲ್ ಮೂರನ್ನೂ ಬೆರೆಯದಂತೆ ತಡೆಯುತ್ತದೆ. ಹೊರಗೆ ಸೋರಿಕೆ ಕಾಣದಿದ್ದರೂ ಕೂಲೆಂಟ್ ಇಳಿಯುವುದು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಹಾಲು ಬೆರೆಸಿದ ಕಾಫಿಯಂತೆ ಕಾಣುವ ಆಯಿಲ್ ಇದರ ಸಾಮಾನ್ಯ ಲಕ್ಷಣಗಳು. ಇವನ್ನು ಮೊದಲು ಗಮನಿಸುವವರು ಚಾಲಕಿಯರೇ. ಅವರು ಲಾಗ್ ಪುಸ್ತಕದಲ್ಲಿ ಬರೆದ ಮಾತನ್ನು ಅಲಕ್ಷಿಸಿ ವಾಹನ ಓಡಿಸಿದರೆ ಹೆಡ್ ಬಿಸಿಗೆ ಬಾಗುತ್ತದೆ.

ಬಾಗಿದ ಹೆಡ್ ಮೇಲೆ ಹೊಸ ಗ್ಯಾಸ್ಕೆಟ್ ನಿಲ್ಲದು. ಹಳೆಯ ಪದರವನ್ನು ಗೀರು ಬೀಳದಂತೆ ತೆಗೆದು, ಉಕ್ಕಿನ ನೇರಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ಸಮತಟ್ಟನ್ನು ಪರೀಕ್ಷಿಸಬೇಕು. ಬಾಗು ತಯಾರಕರ ಮಿತಿ ಮೀರಿದ್ದರೆ ಲೇತ್ ಕಾರ್ಯಾಗಾರದಲ್ಲಿ ಫೇಸಿಂಗ್ ಮಾಡಿಸಬೇಕು. ಬೋಲ್ಟ್ ರಂಧ್ರಗಳಲ್ಲಿ ನೀರು ಅಥವಾ ಆಯಿಲ್ ಉಳಿಯಬಾರದು. ದ್ರವವು ಒತ್ತಿದರೆ ಕುಗ್ಗುವುದಿಲ್ಲವಾದ್ದರಿಂದ ಬೋಲ್ಟ್ ಇಳಿಯುವಾಗ ಬ್ಲಾಕ್ ಬಿರಿಯಬಹುದು. ಆಗ ಗ್ಯಾಸ್ಕೆಟ್‌ನ ಖರ್ಚು ಎಂಜಿನ್ನಿನ ಖರ್ಚಾಗುತ್ತದೆ.

ಬೋಲ್ಟ್ ಎಂಬುದು ವಾಸ್ತವವಾಗಿ ಬಿರುಸಾದ ಸ್ಪ್ರಿಂಗ್. ತುಸು ಎಳೆದುಕೊಂಡೇ ಅದು ಹೆಡ್ಡನ್ನು ಒತ್ತಿ ಹಿಡಿಯುತ್ತದೆ. ತಿರುಗಿಸಲು ಹಾಕಿದ ಬಲದ ಸುಮಾರು ಶೇ. 90 ಭಾಗ ಘರ್ಷಣೆಗೇ ವ್ಯಯವಾಗಿ, ಹಿಡಿತಕ್ಕೆ ಉಳಿಯುವುದು ಸುಮಾರು ಶೇ. 10 ಮಾತ್ರ. ಆದ್ದರಿಂದಲೇ ತುಕ್ಕು ಹಿಡಿದ ಮರೆಯ ಬೋಲ್ಟ್ ಕೈಗೆ ಬಿಗಿಯೆನಿಸಿದರೂ ಒಳಗೆ ಸಡಿಲವಿರುತ್ತದೆ. ಅನುಭವಿ ಮೆಕ್ಯಾನಿಕ್‌ನ ಕೈ ಅಂದಾಜನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹತ್ತು ಬೋಲ್ಟ್‌ಗಳಿಗೆ ಒಂದೇ ಬಿಗಿತ ಕೊಡುವುದು ಯಾವ ಕೈಗೂ ಸಾಧ್ಯವಲ್ಲ. ಅದಕ್ಕೆ ಟಾರ್ಕ್ ರೆಂಚ್ ಬೇಕು. ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಗೆ 10 ಕಿಲೋ ತೂಕದಷ್ಟು ಬಲ ಹಾಕಿದರೆ ಸುಮಾರು 49 ನ್ಯೂಟನ್ ಮೀಟರ್ ಬಿಗಿತ ಬರುತ್ತದೆ. ಸಾಮಾನ್ಯವಾಗಿ ನಡುವಿನ ಬೋಲ್ಟ್‌ಗಳಿಂದ ಆರಂಭಿಸಿ ಅಂಚಿನತ್ತ, ಎರಡು ಮೂರು ಹಂತಗಳಲ್ಲಿ ಬಿಗಿಯಬೇಕು. ಅಂಚಿನಿಂದ ಆರಂಭಿಸಿದರೆ ನಡುವೆ ಉಬ್ಬು ಉಳಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ನಿಗದಿತ ಬಿಗಿತದ ನಂತರ ಮತ್ತೆ ಇಂತಿಷ್ಟು ಡಿಗ್ರಿ ತಿರುಗಿಸುವ ಸೂಚನೆಯಿರುತ್ತದೆ. ಅಂತಹ ಬೋಲ್ಟ್‌ಗಳು ಸಾಮಾನ್ಯವಾಗಿ ಶಾಶ್ವತವಾಗಿ ಹಿಗ್ಗಿರುತ್ತವೆ. ಕೈಪಿಡಿಯು ಹೊಸದನ್ನು ಸೂಚಿಸಿದ್ದಲ್ಲಿ ಹಳೆಯದನ್ನು ಮರುಬಳಸುವುದು ಉಳಿತಾಯವಲ್ಲ.

ಅಂಟು ಹೆಚ್ಚು ಹಚ್ಚಿದಷ್ಟೂ ಭದ್ರವೆಂಬುದು ತಪ್ಪು ತಿಳಿವಳಿಕೆ. ಲೋಹದ ಪದರಗಳ ಹೆಡ್ ಗ್ಯಾಸ್ಕೆಟ್ಟನ್ನು ಸಾಮಾನ್ಯವಾಗಿ ಒಣದಾಗಿಯೇ ಕೂರಿಸುತ್ತಾರೆ. ಆಯಿಲ್ ಚೇಂಬರಿಗೆ ಹಚ್ಚಿದ ಅಂಟು ಅತಿಯಾದರೆ ತುಣುಕುಗಳು ಒಳಗೆ ಕಳಚಿ ಆಯಿಲ್ ಜಾಲರಿಯನ್ನು ಮುಚ್ಚುತ್ತವೆ.

ಬಿಲ್ಲನ್ನು ಅನುಮೋದಿಸುವ ಮುನ್ನ ಸದಸ್ಯರು ಬದಲಿಸಿದ ಗ್ಯಾಸ್ಕೆಟ್ ಮತ್ತು ಬೋಲ್ಟ್‌ಗಳನ್ನು ಕಚೇರಿಗೆ ತರಿಸಿ ನೋಡುವುದು. ಎಂಜಿನ್ ಮೊದಲು ಬಿಸಿಯಾಗಲು ಕಾರಣವಾದ ರೇಡಿಯೇಟರ್, ಥರ್ಮೋಸ್ಟಾಟ್ ಅಥವಾ ಫ್ಯಾನ್ ದೋಷ ಸರಿಪಡಿಸಲಾಗಿದೆಯೇ ಎಂಬುದನ್ನು ಲಿಖಿತವಾಗಿ ಪಡೆಯುವುದು.